ಕುಕೀ ಎಂಬ ಬಿಲ್ಲೆ: ಸರ್ವರ್ ಕೊಡುವುದೇನು, ಬ್ರೌಸರ್ ತರುವುದೇನು

ಆನ್‌ಲೈನ್ ಅಂಗಡಿಯೊಂದರಲ್ಲಿ ಲಾಗಿನ್ ಆಗಿ ಸೀರೆ ಆರಿಸಿದ್ದಾಯಿತು. ಹಣ ಕಟ್ಟುವ ಪುಟಕ್ಕೆ ಹೋಗಿ ಒಟಿಪಿ ಹಾಕಿದ್ದೂ ಆಯಿತು. ಖಾತೆಯಿಂದ ದುಡ್ಡು ಕಡಿತವಾದ ಮೆಸೇಜೂ ಬಂತು. ಅಂಗಡಿಯ ಪುಟಕ್ಕೆ ಮರಳಿದರೆ ಎದುರಿಗೆ ಮತ್ತೆ ಲಾಗಿನ್ ಪರದೆ! ಆರ್ಡರ್ ಆಯಿತೋ ಇಲ್ಲವೋ ಗೊತ್ತಿಲ್ಲ. ಅಂಗಡಿಯವರು ಡೆವಲಪರ್‌ಗೆ ಫೋನ್ ಮಾಡುತ್ತಾರೆ. ಡೆವಲಪರ್ ತಾನೇ ಹಣ ಕಟ್ಟಿ ನೋಡಿದರೆ ಎಲ್ಲ ಸುಸೂತ್ರ. ಗ್ರಾಹಕರ ದೂರು ಮಾತ್ರ ನಿಲ್ಲುವುದಿಲ್ಲ.

ಇಲ್ಲಿ ಆಗಿರುವುದು ಇಷ್ಟೇ: ಬರಬೇಕಾದ ಹೊತ್ತಿಗೆ ಒಂದು ಕುಕೀ ಬರಲಿಲ್ಲ. ಯಾಕೆ ಬರಲಿಲ್ಲ, ಡೆವಲಪರ್‌ಗೆ ಮಾತ್ರ ಯಾಕೆ ಬಂತು ಎಂದು ತಿಳಿಯಬೇಕಾದರೆ ಕುಕೀ ಹುಟ್ಟುವುದು, ಓಡಾಡುವುದು, ಸಾಯುವುದು ಹೇಗೆಂದು ಬುಡದಿಂದ ನೋಡಬೇಕು.

ನೆನಪಿಲ್ಲದ ಸರ್ವರ್

ಬ್ರೌಸರ್ ಪುಟ ಕೇಳುವುದಕ್ಕೆ ರಿಕ್ವೆಸ್ಟ್ ಎನ್ನುತ್ತಾರೆ, ಸರ್ವರ್ ಕೊಡುವ ಉತ್ತರಕ್ಕೆ ರೆಸ್ಪಾನ್ಸ್. ಇವೆರಡರ ನಡುವಿನ ಮಾತುಕತೆಯ ನಿಯಮ ಎಚ್‌ಟಿಟಿಪಿ. ಈ ನಿಯಮದಲ್ಲಿ ಹಿಂದಿನದರ ನೆನಪೆಂಬುದಿಲ್ಲ. ಈಗ ತಾನೇ ಪಾಸ್‌ವರ್ಡ್ ಕೊಟ್ಟು ಒಳಬಂದವರು ಎರಡು ಸೆಕೆಂಡ್ ಬಿಟ್ಟು ಇನ್ನೊಂದು ಪುಟ ಕೇಳಿದರೂ ಸರ್ವರ್ ಪಾಲಿಗೆ ಅವರು ಅಪರಿಚಿತರೇ.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಆನ್‌ಲೈನ್ ಅಂಗಡಿ ಕಟ್ಟಬೇಕಿದ್ದ ಗ್ರಾಹಕ ಕಂಪನಿಗೆ ಅರ್ಧಕ್ಕೆ ನಿಂತ ವ್ಯವಹಾರಗಳ ವಿವರವನ್ನು ತನ್ನ ಸರ್ವರ್‌ನಲ್ಲಿ ತುಂಬಿಕೊಳ್ಳಲು ಇಷ್ಟವಿರಲಿಲ್ಲ. ಹಾಗಾದರೆ ಚಿಕ್ಕದೊಂದು ಚೀಟಿಯನ್ನು ಬ್ರೌಸರ್‌ಗೇ ಕೊಟ್ಟು, ಪ್ರತಿ ಸಲ ಬರುವಾಗ ಅದನ್ನು ತಾ ಎಂದರಾಯಿತಲ್ಲ? ಪ್ರೋಗ್ರಾಮರ್‌ಗಳು ಹೀಗೆ ಕೈ ಬದಲಾಯಿಸುವ ತುಣುಕು ಮಾಹಿತಿಗೆ ಮೊದಲಿನಿಂದಲೂ 'ಮ್ಯಾಜಿಕ್ ಕುಕೀ' ಎನ್ನುತ್ತಿದ್ದರು. ಅದೇ ಹೆಸರು ನಿಂತಿತು. ಇವತ್ತು ಬ್ರೌಸರ್‌ಗಳು ಬಹುಮಟ್ಟಿಗೆ ಅನುಸರಿಸುವ ನಿಯಮಗಳು 2011ರ ಆರ್‌ಎಫ್‌ಸಿ 6265 ಎಂಬ ದಾಖಲೆಯಲ್ಲಿವೆ.

ದೇವಸ್ಥಾನದ ಹೊರಗಿನ ಚಪ್ಪಲಿ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಅಲ್ಲಿ ಕೂತವರಿಗೆ ನಿಮ್ಮ ಮುಖ ಗುರುತಿರಬೇಕಿಲ್ಲ. ಚಪ್ಪಲಿ ಗೂಡಿಗಿಟ್ಟು 47ನೇ ನಂಬರಿನ ಬಿಲ್ಲೆ ಕೊಡುತ್ತಾರೆ. ಬಿಲ್ಲೆ ತೋರಿಸಿದರೆ 47ನೇ ಗೂಡಿನ ಚಪ್ಪಲಿ ಕೈಗೆ ಬರುತ್ತದೆ. ಆ ಬಿಲ್ಲೆ ಇನ್ನೊಬ್ಬರ ಕೈಗೆ ಸಿಕ್ಕರೆ ಚಪ್ಪಲಿಯೂ ಅವರ ಕಾಲಿಗೆ. ಕುಕೀ ಅಂದರೆ ಈ ಬಿಲ್ಲೆ.

ಹೋಗಿ ಬರುವ ದಾರಿ

ರೆಸ್ಪಾನ್ಸ್‌ನಲ್ಲಿ ಪುಟದ ಒಡಲಿಗಿಂತ ಮೊದಲು ಹೆಡರ್ ಎಂಬ ಸಾಲುಗಳು ಬರುತ್ತವೆ. ಸರ್ವರ್ ಕುಕೀ ಕೊಡುವುದು ಅಲ್ಲೇ. ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದರೆ ಆ ಸಾಲು ಹೀಗಿರುತ್ತದೆ:

ಸೆಟ್-ಕುಕೀ: ಎಸ್‌ಐಡಿ=58120947; ಪಾತ್=/; ಮ್ಯಾಕ್ಸ್-ಏಜ್=1800; ಸೆಕ್ಯೂರ್; ಎಚ್‌ಟಿಟಿಪಿಓನ್ಲಿ; ಸೇಮ್‌ಸೈಟ್=ಲ್ಯಾಕ್ಸ್

ಮುಂದಿನ ರಿಕ್ವೆಸ್ಟ್‌ನಲ್ಲಿ ಬ್ರೌಸರ್ ತರುವುದು ಇಷ್ಟು ಮಾತ್ರ:

ಕುಕೀ: ಎಸ್‌ಐಡಿ=58120947

ಎರಡೂ ಸಾಲನ್ನು ಇನ್ನೊಮ್ಮೆ ನೋಡಿ. ಹೋಗುವಾಗ ಹೆಸರು (ಎಸ್‌ಐಡಿ), ಬೆಲೆ (ಅದರ ಮುಂದಿನ ಸಂಖ್ಯೆ), ಜೊತೆಗೆ ಐದು ಷರತ್ತುಗಳಿದ್ದವು. ಬರುವಾಗ ಹೆಸರು, ಬೆಲೆ ಬಿಟ್ಟು ಉಳಿದದ್ದೆಲ್ಲ ಮಾಯ. ಈ ಕುಕೀಯ ಆಯಸ್ಸು ಎಷ್ಟು ಉಳಿದಿದೆ, ಇದನ್ನು ಕೊಟ್ಟವರು ಯಾರು, ಸೈಟ್‌ನ ಯಾವ ಪಾತ್‌ಗೆ (ಫೋಲ್ಡರ್ ದಾರಿಗೆ) ಕೊಟ್ಟಿದ್ದು ಎಂಬ ಯಾವುದೂ ಸರ್ವರ್‌ಗೆ ಕಾಣುವುದಿಲ್ಲ. ಷರತ್ತುಗಳೆಲ್ಲ ಬ್ರೌಸರ್‌ಗೆ ಮಾಡಿದ ವಿನಂತಿ. ಪಾಲಿಸುವುದು ಬಿಡುವುದು ಅದರ ಕೈಯಲ್ಲಿದೆ. ಕುಕೀ ವಿಷಯದಲ್ಲಿ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಈ ಒಂದು ಅಂಶ ಮರೆತು.

ಇದರಿಂದ ಹುಟ್ಟುವ ಕೆಲವು ತೊಡಕುಗಳು ಹೊಸಬರಿಗೆ ವಿಚಿತ್ರವೆನಿಸುತ್ತವೆ. ಕುಕೀ ಹೊಂದಿಸಿದ ಮರುಸಾಲಿನಲ್ಲೇ ಅದನ್ನು ಓದಲು ಹೋದರೆ ಸಿಗುವುದಿಲ್ಲ, ಏಕೆಂದರೆ ಅದಿನ್ನೂ ಸರ್ವರ್ ಬಿಟ್ಟು ಹೊರಟೇ ಇಲ್ಲ. ಓದಲು ಸಿಗುವುದು ಮುಂದಿನ ರಿಕ್ವೆಸ್ಟ್‌ಗೆ. ಸರ್ವರ್ ಕೋಡ್ ಬರೆಯುವ ಭಾಷೆಯಾದ ಪಿಎಚ್‌ಪಿಯಲ್ಲಿ 'ಹೆಡರ್ಸ್ ಆಲ್ರೆಡಿ ಸೆಂಟ್' ಎಂಬ ಎಚ್ಚರಿಕೆ ಬರುವುದು ಪುಟದ ಒಡಲು ಹೊರಡಲು ಶುರುವಾದ ಮೇಲೆ ಕುಕೀ ಹೊಂದಿಸಲು ಹೋದಾಗ. ಕೋಡ್ ಕಡತದ ಆರಂಭದಲ್ಲಿ ಉಳಿದುಹೋದ ಒಂದು ಖಾಲಿ ಸಾಲೇ ಒಡಲೆಂದು ಲೆಕ್ಕವಾಗಿಬಿಡುತ್ತದೆ. ಎರಡು ಕುಕೀ ಕೊಡಬೇಕಾದರೆ ಎರಡು ಸೆಟ್-ಕುಕೀ ಸಾಲುಗಳೇ ಬೇಕು. ಅಲ್ಪವಿರಾಮ ಹಾಕಿ ಒಂದೇ ಸಾಲಿಗೆ ಸೇರಿಸುವಂತಿಲ್ಲ, ಯಾಕೆಂದರೆ ಅವಧಿಯ ದಿನಾಂಕದೊಳಗೇ ಒಂದು ಅಲ್ಪವಿರಾಮವಿರುತ್ತದೆ.

ಬಿಲ್ಲೆಯ ಮೇಲೆ ಏನಿರಬೇಕು

ಕುಕೀ ಕೂತಿರುವುದು ಬಳಕೆದಾರರ ಕಂಪ್ಯೂಟರಿನಲ್ಲಿ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ಯಾರು ಬೇಕಾದರೂ ಅದರ ಬೆಲೆಯನ್ನು ತಿದ್ದಬಹುದು. 'ರೋಲ್=ಯೂಸರ್' ಎಂದು ಬರೆದು ಕಳಿಸಿದ್ದು 'ರೋಲ್=ಅಡ್ಮಿನ್' ಆಗಿ ಮರಳಬಹುದು; ರಿಯಾಯಿತಿ 10 ಇದ್ದದ್ದು 90 ಆಗಬಹುದು. ಹಾಗಾಗಿ ನಂಬಿ ನಡೆಯಬೇಕಾದ ಯಾವ ಮಾಹಿತಿಯನ್ನೂ ಹಾಗೇ ಬರೆದು ಕಳಿಸಬಾರದು.

ಸಾಮಾನ್ಯ ದಾರಿ ಸೆಷನ್. ಲಾಗಿನ್ ಆದಾಗ ಸರ್ವರ್ ಊಹಿಸಲಾಗದ ಒಂದು ಯಾದೃಚ್ಛಿಕ ಸಂಖ್ಯೆ ಹುಟ್ಟಿಸುತ್ತದೆ. 128 ಬಿಟ್, ಅಂದರೆ 16 ಬೈಟ್ ಇದ್ದರೆ ಊಹೆಗೆ ನಿಲುಕುವುದಿಲ್ಲ. ಆ ಸಂಖ್ಯೆ ಮಾತ್ರ ಕುಕೀಯಲ್ಲಿ ಹೋಗುತ್ತದೆ. ಯಾರು, ಯಾವ ಹಕ್ಕು, ಬುಟ್ಟಿಯಲ್ಲಿ ಏನಿದೆ ಎಂಬುದೆಲ್ಲ ಸರ್ವರ್ ಬದಿಯ ಡೇಟಾಬೇಸ್‌ನಲ್ಲೋ ರೆಡಿಸ್ ಎಂಬ ವೇಗದ ಸಂಗ್ರಹದಲ್ಲೋ ಉಳಿಯುತ್ತದೆ. ಬಿಲ್ಲೆ ಜೇಬಿನಲ್ಲಿ, ಚಪ್ಪಲಿ ಗೂಡಿನಲ್ಲಿ. ಪಿಎಚ್‌ಪಿ ಕೊಡುವ ಪಿಎಚ್‌ಪಿಸೆಸ್ಐಡಿ, ಜಾವಾದ ಜೆಸೆಷನ್‌ಐಡಿ, ಪೈಥಾನ್ ಭಾಷೆಯ ಜಾಂಗೋ ಚೌಕಟ್ಟಿನ ಸೆಷನ್‌ಐಡಿ ಎಲ್ಲವೂ ಇಂಥ ಬಿಲ್ಲೆಗಳೇ. ಬಿಲ್ಲೆಯ ನಂಬರು 47, 48, 49 ಎಂದು ಸಾಲಾಗಿದ್ದರೆ ಪಕ್ಕದವರ ಚಪ್ಪಲಿ ಎತ್ತುವುದು ಸುಲಭ. ಆದ್ದರಿಂದಲೇ ಡೇಟಾಬೇಸ್‌ನ ಕ್ರಮಸಂಖ್ಯೆಯನ್ನು ಸೆಷನ್ ಸಂಖ್ಯೆಯಾಗಿ ಎಂದೂ ಬಳಸುವುದಿಲ್ಲ.

ಲಾಗಿನ್ ಯಶಸ್ವಿಯಾದ ಕ್ಷಣದಲ್ಲಿ ಹಳೆಯ ಸಂಖ್ಯೆ ಬಿಸಾಡಿ ಹೊಸದು ಕೊಡಬೇಕು. ಇಲ್ಲದಿದ್ದರೆ ಕಳ್ಳನೊಬ್ಬ ತನಗೆ ಗೊತ್ತಿರುವ ಸಂಖ್ಯೆಯನ್ನು ಮೊದಲೇ ನಿಮ್ಮ ಬ್ರೌಸರ್‌ಗೆ ಅಂಟಿಸಿ, ನೀವು ಲಾಗಿನ್ ಆಗುವುದನ್ನೇ ಕಾಯಬಹುದು.

ಇನ್ನೊಂದು ದಾರಿ ಸಹಿ ಹಾಕಿದ ಕುಕೀ. ಮಾಹಿತಿಯನ್ನೇ ಕುಕೀಯಲ್ಲಿಟ್ಟು, ಸರ್ವರ್‌ಗೆ ಮಾತ್ರ ಗೊತ್ತಿರುವ ಗುಟ್ಟಿನ ಕೀಲಿಯಿಂದ ಲೆಕ್ಕಹಾಕಿದ ಮುದ್ರೆಯನ್ನು ಜೊತೆಗೆ ಒತ್ತುವುದು. ಒಂದಕ್ಷರ ತಿದ್ದಿದರೂ ಮುದ್ರೆ ತಾಳೆಯಾಗುವುದಿಲ್ಲ. ಪೈಥಾನ್‌ನ ಇನ್ನೊಂದು ಚೌಕಟ್ಟಾದ ಫ್ಲಾಸ್ಕ್ ತಾನಾಗಿ ಮಾಡುವುದು ಇದನ್ನೇ. ಆದರೆ ಇದು ಮೊಹರು ಬಿದ್ದ ಅಂಚೆ ಕಾರ್ಡು: ತಿದ್ದಲಾಗದು, ಓದಲು ಮಾತ್ರ ಯಾರಿಗೂ ಅಡ್ಡಿಯಿಲ್ಲ. ಗುಟ್ಟಿನ ವಿಷಯ ಅದರಲ್ಲಿ ಬರೆಯಬಾರದು. ಸರ್ವರ್ ಬದಿಯಲ್ಲಿ ಗೂಡೇ ಇಲ್ಲದ ಕಾರಣ ಒಬ್ಬರ ಲಾಗಿನ್ ಮಾತ್ರ ರದ್ದು ಮಾಡುವುದೂ ಕಷ್ಟ.

ಕನ್ನಡ ಅಕ್ಷರ ಮತ್ತು 4,096 ಬೈಟ್

ಒಂದು ಕುಕೀಗೆ ಬ್ರೌಸರ್‌ಗಳು ಕೊಡುವ ಜಾಗ ಸುಮಾರು 4,096 ಬೈಟ್. ದೊಡ್ಡದಾದರೆ ದೂರೇನೂ ಹೇಳದೆ ಕೈಬಿಡುತ್ತವೆ. ಕನ್ನಡ ಪಠ್ಯ ಇಡುವವರಿಗೆ ಈ ಮಿತಿ ಬಲು ಬೇಗ ಎದುರಾಗುತ್ತದೆ. ಕುಕೀಯ ಬೆಲೆಯಲ್ಲಿ ಆಸ್ಕಿ ಅಕ್ಷರಗಳಷ್ಟೇ (ಇಂಗ್ಲಿಷ್ ಅಕ್ಷರ, ಅಂಕೆ, ಕೆಲವು ಚಿಹ್ನೆ) ಇರಬೇಕೆಂಬುದು ನಿಯಮ. ಖಾಲಿ ಜಾಗ, ಅಲ್ಪವಿರಾಮ, ಅರ್ಧವಿರಾಮ ಕೂಡ ಇರುವಂತಿಲ್ಲ. ಹಾಗಾಗಿ ಕನ್ನಡವನ್ನು ಶೇಕಡಾ ಚಿಹ್ನೆಯ ಸಂಕೇತಕ್ಕೆ ಬದಲಿಸಿ ಕಳಿಸುತ್ತಾರೆ. 'ಬೆಂಗಳೂರು' ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕಕ್ಕೆ ಬ, ಎತ್ವ, ಸೊನ್ನೆ, ಗ, ಳ, ಊತ್ವ, ರ, ಉತ್ವ ಎಂದು 8 ಘಟಕಗಳಿವೆ. ಅಕ್ಷರಗಳನ್ನು ಬೈಟ್‌ಗೆ ಬದಲಿಸುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 24. ಪ್ರತಿ ಬೈಟ್‌ಗೂ ಒಂದು ಶೇಕಡಾ ಚಿಹ್ನೆ, ಎರಡು ಅಂಕೆ ಹಾಕಿದರೆ 72. ಈ ಲೆಕ್ಕದಲ್ಲಿ ಇಡೀ ಕುಕೀಗೆ ಹಿಡಿಯುವುದು 455 ಘಟಕ, ಅಂದರೆ ಒಂದು ಸಣ್ಣ ಪ್ಯಾರಾ. ಊರಿನ ಹೆಸರಿನ ಬದಲು ಊರಿನ ಸಂಕೇತಸಂಖ್ಯೆ ಇಟ್ಟರೆ ತಾಪತ್ರಯವೇ ಇಲ್ಲ.

ಮಿತಿಯೊಳಗಿದ್ದರೂ ಭಾರ ಭಾರವೇ. ಪುಟದಲ್ಲಿ ಅದೇ ಡೊಮೇನ್‌ನ 40 ಚಿತ್ರಗಳಿದ್ದರೆ ಚಿತ್ರಕ್ಕೊಂದರಂತೆ 40 ರಿಕ್ವೆಸ್ಟ್‌ಗಳಲ್ಲೂ ಕುಕೀ ಹೋಗುತ್ತದೆ. ಕುಕೀಗಳೆಲ್ಲ ಸೇರಿ ಸುಮಾರು 8 ಕಿಲೋಬೈಟ್ ದಾಟಿದರೆ ಅಪಾಚೆ, ಎನ್‌ಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶಗಳ ಮೂಲ ಹೊಂದಾಣಿಕೆಯಲ್ಲಿ, ರಿಕ್ವೆಸ್ಟ್ ಸರಿಯಿಲ್ಲ ಎನ್ನುವ 400 ಎಂಬ ದೋಷ ಬರುತ್ತದೆ. ಆ ಬಳಕೆದಾರರಿಗೆ ಮಾತ್ರ ಸೈಟ್ ತೆರೆಯುವುದಿಲ್ಲ, ಉಳಿದ ಊರಿಗೆಲ್ಲ ತೆರೆಯುತ್ತದೆ.

ಆಯಸ್ಸು: ಸೆಕೆಂಡೋ, ಮಿಲಿಸೆಕೆಂಡೋ

ಅವಧಿ ಹೇಳಲು ಎರಡು ಷರತ್ತುಗಳಿವೆ. ಮ್ಯಾಕ್ಸ್-ಏಜ್ ಎಂದರೆ ಇಂತಿಷ್ಟು ಸೆಕೆಂಡ್. ಎಕ್ಸ್‌ಪೈರ್ಸ್ ಎಂದರೆ ಇಂಥ ದಿನಾಂಕ, ಇಂಥ ಹೊತ್ತು. ಎರಡೂ ಇದ್ದರೆ ಮ್ಯಾಕ್ಸ್-ಏಜ್ ಗೆಲ್ಲುತ್ತದೆ. ಎರಡೂ ಇಲ್ಲದಿದ್ದರೆ ಬ್ರೌಸರ್ ಮುಚ್ಚುವವರೆಗೆ ಮಾತ್ರ ಬಾಳುತ್ತದೆ ಎನ್ನುತ್ತಾರೆ, ಆದರೆ ಹಿಂದಿನ ಟ್ಯಾಬ್‌ಗಳನ್ನು ಮತ್ತೆ ತೆರೆದುಕೊಡುವ ಹೊಂದಾಣಿಕೆ ಇರುವ ಬ್ರೌಸರ್‌ಗಳು ಇಂಥ ಕುಕೀಯನ್ನೂ ಮರಳಿ ತರುತ್ತವೆ. ಎಷ್ಟೇ ದೂರದ ದಿನಾಂಕ ಕೊಟ್ಟರೂ ಕ್ರೋಮ್ 2022ರಿಂದ 400 ದಿನಕ್ಕೆ ಕತ್ತರಿಸುತ್ತದೆ.

ಅಳತೆಯ ಗೊಂದಲ ಇಲ್ಲಿ ಹೆಚ್ಚು. ಒಂದು ಗಂಟೆಯ ಕುಕೀ ಬೇಕೆಂದು ಜಾಂಗೋದಲ್ಲಿ 3600 ಎಂದು ಬರೆದರೆ ಸರಿ. ಜಾವಾಸ್ಕ್ರಿಪ್ಟ್‌ನ ಸರ್ವರ್ ವೇದಿಕೆಯಾದ ನೋಡ್‌ನ ಎಕ್ಸ್‌ಪ್ರೆಸ್ ಚೌಕಟ್ಟಿನಲ್ಲಿ ಅದೇ ಸಂಖ್ಯೆ ಬರೆದರೆ ಕುಕೀ ಮೂರು ಸೆಕೆಂಡಿಗೆ ಸಾಯುತ್ತದೆ. ಅಲ್ಲಿನ ಲೆಕ್ಕ ಮಿಲಿಸೆಕೆಂಡಿನದು. ಪಿಎಚ್‌ಪಿಯ ಹಳೆಯ ಶೈಲಿಯಲ್ಲಿ ಬೇಕಿರುವುದು ಅವಧಿಯಲ್ಲ, ಮುಗಿಯುವ ಹೊತ್ತು. ಈಗಿನ ಸಮಯಕ್ಕೆ 3600 ಕೂಡಿಸದೆ ಬರೀ 3600 ಕೊಟ್ಟರೆ ಅದು 1970ರ ಜನವರಿ 1ರ ಬೆಳಗಿನ ಜಾವ, ಕುಕೀ ಹುಟ್ಟುವ ಮೊದಲೇ ಸತ್ತಿರುತ್ತದೆ.

ಎಕ್ಸ್‌ಪೈರ್ಸ್ ಸಾಲನ್ನು ಕೈಯಾರೆ ಬರೆಯುವವರಿಗೆ ನಮ್ಮ ಐದೂವರೆ ಗಂಟೆಯ ಕಾಟ ಬೇರೆ. ಅಲ್ಲಿನ ಸಮಯ ಗ್ರೀನಿಚ್‌ನದು. ಭಾರತೀಯ ಸಮಯಕ್ಕೆ 30 ನಿಮಿಷ ಕೂಡಿಸಿ ಅದಕ್ಕೇ ಜಿಎಂಟಿ ಎಂದು ಅಂಟಿಸಿದರೆ ಅರ್ಧ ಗಂಟೆಗೆ ಮುಗಿಯಬೇಕಾದ ಕುಕೀ ಆರು ಗಂಟೆ ಬದುಕುತ್ತದೆ.

ಕುಕೀಯ ಆಯಸ್ಸೇ ಬೇರೆ, ಸರ್ವರ್‌ನ ಗೂಡಿನ ಆಯಸ್ಸೇ ಬೇರೆ. ಪಿಎಚ್‌ಪಿಯಲ್ಲಿ ಸೆಷನ್ ಮಾಹಿತಿಗೆ ಮೂಲ ಹೊಂದಾಣಿಕೆ 1440 ಸೆಕೆಂಡ್, ಅಂದರೆ 24 ನಿಮಿಷ. ಅಷ್ಟು ಹೊತ್ತು ಸುಮ್ಮನಿದ್ದರೆ ಕಸ ಗುಡಿಸುವವನು (ಹಳೆಯ ಸೆಷನ್ ಅಳಿಸುವ ಕೋಡ್) ಬಂದಾಗ ಕಡತ ಹೋಗುತ್ತದೆ. ಕುಕೀಗೆ 30 ದಿನ ಕೊಟ್ಟಿದ್ದೇನೆ, ಆದರೂ ಊಟ ಮುಗಿಸಿ ಬರುವಷ್ಟರಲ್ಲಿ ಲಾಗೌಟ್ ಆಗಿರುತ್ತದೆ ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಬಿಲ್ಲೆ ಜೇಬಿನಲ್ಲೇ ಇದೆ, ಗೂಡು ಖಾಲಿ.

ಯಾವ ಬಾಗಿಲಿಗೆ ಯಾವ ಬಿಲ್ಲೆ

ಡೊಮೇನ್ ಷರತ್ತು ಬರೆಯದಿದ್ದರೆ ಕುಕೀ ಕೊಟ್ಟ ವಿಳಾಸಕ್ಕೆ ಮಾತ್ರ ಮರಳುತ್ತದೆ. ಬರೆದರೆ ಅದರ ಉಪಡೊಮೇನ್‌ಗಳಿಗೆಲ್ಲ ಹೋಗುತ್ತದೆ. ಬರೆದರೆ ಬಿಗಿಯಾಗುತ್ತದೆ ಎಂದು ಅನಿಸುವುದು ಸಹಜ, ಆಗುವುದು ಉಲ್ಟಾ. ಕೋ.ಇನ್ ಅಥವಾ ಜಿಒವಿ.ಇನ್ ಎಂಬಂಥ ಸಾರ್ವಜನಿಕ ಬಾಲಗಳ ಹೆಸರಿಗೆ ಕುಕೀ ಹೊಂದಿಸಲು ಬ್ರೌಸರ್ ಬಿಡುವುದಿಲ್ಲ, ಇಲ್ಲವಾದರೆ ಒಂದು ಕಂಪನಿಯ ಕುಕೀ ಇನ್ನೊಂದಕ್ಕೆ ಹೋಗಿಬಿಡುತ್ತಿತ್ತು.

ಪಾತ್ ಬರೆಯದಿದ್ದರೆ ರಿಕ್ವೆಸ್ಟ್ ಬಂದ ವಿಳಾಸದ ಫೋಲ್ಡರೇ ಪಾತ್ ಆಗುತ್ತದೆ. ಅಡ್ಮಿನ್ ಫೋಲ್ಡರ್‌ನ ಲಾಗಿನ್ ಪುಟದಲ್ಲಿ ಹುಟ್ಟಿದ ಕುಕೀ ಮುಖಪುಟದಲ್ಲಿ ಕಾಣದಿರುವುದು ಇದರಿಂದ. ಪಾತ್ ಜಾಗದಲ್ಲಿ ಒಂದು ಓರೆಗೆರೆ ಹಾಕಿದರೆ ಇಡೀ ಸೈಟ್‌ಗೆ ಅನ್ವಯ.

ಒಂದೇ ಕಂಪ್ಯೂಟರಿನ ಯಾವ ಪ್ರೋಗ್ರಾಂ ಎಂದು ಹೇಳುವ ಪೋರ್ಟ್ ಸಂಖ್ಯೆಯನ್ನು ಕುಕೀ ಲೆಕ್ಕಕ್ಕೇ ಇಡುವುದಿಲ್ಲ. ಲೋಕಲ್‌ಹೋಸ್ಟ್ (ನಿಮ್ಮದೇ ಕಂಪ್ಯೂಟರ್) 3000ರಲ್ಲಿ ಒಂದು ಪ್ರಾಜೆಕ್ಟ್, 8000ದಲ್ಲಿ ಇನ್ನೊಂದು ಓಡುತ್ತಿದ್ದು ಎರಡರಲ್ಲೂ ಸೆಷನ್ ಕುಕೀಗೆ ಒಂದೇ ಹೆಸರಿದ್ದರೆ, ಇದರಲ್ಲಿ ಲಾಗಿನ್ ಆದಾಗ ಅದರಲ್ಲಿ ಲಾಗೌಟ್. ಹೆಸರು ಬೇರೆ ಇಟ್ಟರೆ ಮುಗಿಯಿತು.

ಮೂರು ಬೀಗ

ಸೆಕ್ಯೂರ್ ಎಂದರೆ ಎಚ್‌ಟಿಟಿಪಿಎಸ್, ಅಂದರೆ ಗೂಢಲಿಪಿಯ ಸಂಪರ್ಕದಲ್ಲಿ ಮಾತ್ರ ಕಳಿಸು ಎಂದರ್ಥ. ಎಚ್‌ಟಿಟಿಪಿಓನ್ಲಿ ಎಂದರೆ ಪುಟದಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೆ ಈ ಕುಕೀ ತೋರಿಸಬೇಡ ಎಂದು. ಕಮೆಂಟ್ ಪೆಟ್ಟಿಗೆಯಲ್ಲಿ ಯಾರೋ ತೂರಿಸಿದ ಕೋಡ್ ಸೆಷನ್ ಸಂಖ್ಯೆ ಕದಿಯದಂತೆ ಇದು ತಡೆಯುತ್ತದೆ. ಸೆಷನ್ ಕುಕೀಗೆ ಇವೆರಡೂ ಇರಲೇಬೇಕು, ಚರ್ಚೆಗೆ ಅವಕಾಶವಿಲ್ಲ.

ಮೂರನೆಯದು ಸೇಮ್‌ಸೈಟ್. ಸೀರೆ ಅಂಗಡಿಯ ಕಥೆ ಇರುವುದು ಇಲ್ಲೇ.

ಬೇರೆ ಸೈಟ್‌ನಿಂದ ಹೊರಟ ರಿಕ್ವೆಸ್ಟ್ ಜೊತೆ ಈ ಕುಕೀ ಕಳಿಸಬೇಕೇ ಎಂಬ ಪ್ರಶ್ನೆಗೆ ಮೂರು ಉತ್ತರಗಳಿವೆ. ಸ್ಟ್ರಿಕ್ಟ್: ಎಂದೂ ಬೇಡ. ನನ್: ಯಾವಾಗಲೂ ಕಳಿಸು, ಆದರೆ ಸೆಕ್ಯೂರ್ ಇದ್ದರೆ ಮಾತ್ರ. ಲ್ಯಾಕ್ಸ್: ಬಳಕೆದಾರ ಲಿಂಕ್ ಒತ್ತಿ ಬಂದರೆ, ಅಂದರೆ ಗೆಟ್ ವಿಧಾನದಲ್ಲಿ ಪುಟ ಬದಲಾದರೆ ಕಳಿಸು, ಫಾರಂ ತುಂಬಿ ಕಳಿಸುವ ಪೋಸ್ಟ್ ವಿಧಾನವಾದರೆ ಬೇಡ. ನೀವು ಬ್ಯಾಂಕ್‌ಗೆ ಲಾಗಿನ್ ಆಗಿರುವಾಗ ಇನ್ನಾವುದೋ ಸೈಟ್ ನಿಮ್ಮ ಹೆಸರಲ್ಲಿ ಹಣ ವರ್ಗಾವಣೆಯ ಫಾರಂ ಒತ್ತಿಸದಂತೆ ಈ ಏರ್ಪಾಡು. 2020ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 80ರಿಂದ, ಏನೂ ಬರೆಯದ ಕುಕೀಯನ್ನು ಲ್ಯಾಕ್ಸ್ ಎಂದೇ ಎಣಿಸುವುದು ಶುರುವಾಯಿತು. ಎಲ್ಲ ಬ್ರೌಸರ್‌ಗಳೂ ಹಾಗೆ ಎಣಿಸುವುದಿಲ್ಲವಾದ್ದರಿಂದ ಬಾಯಿಬಿಟ್ಟು ಹೇಳುವುದೇ ಕ್ಷೇಮ.

ಈಗ ಪಾವತಿ ಪುಟ ನೋಡಿ. ಹಣ ಕಟ್ಟಿದ ಮೇಲೆ ಅನೇಕ ಗೇಟ್‌ವೇಗಳು (ಅಂಗಡಿಯ ಪರವಾಗಿ ಹಣ ಪಡೆಯುವ ಸೇವೆಗಳು) ಫಲಿತಾಂಶವನ್ನು ಪೋಸ್ಟ್ ವಿಧಾನದಲ್ಲಿ ಅಂಗಡಿಗೆ ಕಳಿಸುತ್ತವೆ. ಅದು ಹೊರಗಿನ ಸೈಟ್‌ನಿಂದ ಬಂದ ಪೋಸ್ಟ್, ಹಾಗಾಗಿ ಲ್ಯಾಕ್ಸ್ ಕುಕೀ ಬರುವುದಿಲ್ಲ. ಸರ್ವರ್‌ಗೆ ಬಂದವರು ಅಪರಿಚಿತರು. ಡೆವಲಪರ್‌ಗೆ ಸರಿ ಕಂಡದ್ದು ಹೇಗೆ? ಸೇಮ್‌ಸೈಟ್ ಬರೆಯದೇ ಬಿಟ್ಟ ಕುಕೀಗೆ ಕ್ರೋಮ್ ಒಂದು ವಿನಾಯಿತಿ ಕೊಟ್ಟಿತು: ಹುಟ್ಟಿ ಎರಡು ನಿಮಿಷದೊಳಗಿನ ಕುಕೀಯಾದರೆ ಪೋಸ್ಟ್ ಜೊತೆಗೂ ಕಳಿಸುತ್ತದೆ. ಡೆವಲಪರ್ ಲಾಗಿನ್ ಆಗಿ ಒಂದೇ ನಿಮಿಷದಲ್ಲಿ ಪರೀಕ್ಷೆ ಮುಗಿಸುತ್ತಾರೆ. ಗ್ರಾಹಕರು ಸೀರೆ ನೋಡುತ್ತಾ ಕೂತು, ಒಟಿಪಿ ಬರುವಷ್ಟರಲ್ಲಿ ಆ ಎರಡು ನಿಮಿಷ ಎಂದೋ ಕಳೆದಿರುತ್ತದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯುತ್ತದೆ. ಕುಕೀ ಇಲ್ಲದ ರಿಕ್ವೆಸ್ಟ್ ಕಂಡ ಕೂಡಲೇ ಸೆಷನ್ ಶುರುಮಾಡುವ ಕೋಡ್ ಹೊಸ ಖಾಲಿ ಸೆಷನ್ ತೆರೆದು, ಅದರ ಸಂಖ್ಯೆಯನ್ನು ಅದೇ ಹೆಸರಿನ ಕುಕೀಯಾಗಿ ಕಳಿಸಿಬಿಡುತ್ತದೆ. ಬ್ರೌಸರ್‌ನಲ್ಲಿ ಭದ್ರವಾಗಿದ್ದ ಹಳೆಯ ಬಿಲ್ಲೆಯ ಮೇಲೆ ಹೊಸ ಬಿಲ್ಲೆ ಕೂರುತ್ತದೆ. ಆಮೇಲೆ ಯಾವ ಪುಟಕ್ಕೆ ಹೋದರೂ ಲಾಗೌಟ್ ಆದ ಸ್ಥಿತಿಯೇ.

ಕೆಲವರು ಸೆಷನ್ ಕುಕೀಯನ್ನೇ ಸೇಮ್‌ಸೈಟ್ ನನ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ದೂರು ನಿಲ್ಲುತ್ತದೆ, ಜೊತೆಗೆ ರಕ್ಷಣೆಯೂ ಹೋಗುತ್ತದೆ. ಸರಿಯಾದ ಕ್ರಮ ಹೀಗೆ: ಗೇಟ್‌ವೇ ಮರಳಿಸುವ ವಿಳಾಸದಲ್ಲಿ ಸೆಷನ್ ಶುರುಮಾಡಲೇಬೇಡಿ. ಬಂದ ಮಾಹಿತಿಯ ಸಹಿಯನ್ನು ಗೇಟ್‌ವೇ ಕೊಟ್ಟ ಗುಟ್ಟಿನ ಕೀಲಿಯಿಂದ ಪರೀಕ್ಷಿಸಿ, ಆರ್ಡರ್ ಸಂಖ್ಯೆಯಿಂದ ಡೇಟಾಬೇಸ್‌ನಲ್ಲಿ ಹುಡುಕಿ, ಮೊತ್ತ ತಾಳೆನೋಡಿ ಪಾವತಿ ದಾಖಲಿಸಿ. ಬಳಿಕ 303 ಸಂಕೇತದೊಂದಿಗೆ (ಬೇರೆ ವಿಳಾಸಕ್ಕೆ ಹೋಗು ಎಂಬ ಉತ್ತರ) ಆರ್ಡರ್ ಪುಟಕ್ಕೆ ಕಳಿಸಿ. ಆ ಎರಡನೇ ಹೆಜ್ಜೆ ಗೆಟ್ ವಿಧಾನದ್ದು. ಲ್ಯಾಕ್ಸ್ ಕುಕೀ ಅದರ ಜೊತೆ ಬರುತ್ತದೆ, ಗ್ರಾಹಕರು ಲಾಗಿನ್ ಆಗಿಯೇ ಇರುತ್ತಾರೆ. ಕುಕೀ ಸ್ಟ್ರಿಕ್ಟ್ ಆಗಿದ್ದರೆ ಮಾತ್ರ ಈ ಉಪಾಯವೂ ನಡೆಯದು.

ಯಾವುದಕ್ಕೆ ಒಪ್ಪಿಗೆ ಬೇಕು

ಯುರೋಪಿನ ಗ್ರಾಹಕರಿಗೆ ಸೈಟ್ ಕಟ್ಟುವವರಿಗೆ ಅಲ್ಲಿನ ಇ-ಪ್ರೈವಸಿ ನಿಯಮ ಅನ್ವಯವಾಗುತ್ತದೆ. ಲಾಗಿನ್, ಬುಟ್ಟಿಯಂಥ ಅನಿವಾರ್ಯ ಕುಕೀಗೆ ಒಪ್ಪಿಗೆ ಬೇಡ. ಜಾಹೀರಾತಿಗಾಗಿ ಹಿಂಬಾಲಿಸುವ ಕುಕೀಗೆ ಬೇಕು. ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿದೆ. ಸರ್ವರ್ ಕೋಡ್ ಬರೆಯುವವರಿಗೆ ಇದರ ಅರ್ಥ: ಒಪ್ಪಿಗೆಯ ಗುಂಡಿ ಒತ್ತುವ ಮೊದಲಿನ ರೆಸ್ಪಾನ್ಸ್‌ನಲ್ಲಿ ಅಂಥ ಸೆಟ್-ಕುಕೀ ಸಾಲು ಇರಲೇಬಾರದು.

ಅಳಿಸುವುದು

ಕುಕೀ ಅಳಿಸು ಎಂಬ ಆಜ್ಞೆ ಎಚ್‌ಟಿಟಿಪಿಯ ಸೆಟ್-ಕುಕೀಯಲ್ಲಿ ಇಲ್ಲ. ಅದೇ ಹೆಸರಿನ ಕುಕೀಯನ್ನು ಮ್ಯಾಕ್ಸ್-ಏಜ್ 0 ಎಂದು ಮತ್ತೆ ಕಳಿಸಬೇಕು. ಹೆಸರು, ಡೊಮೇನ್, ಪಾತ್ ಮೂರೂ ಕೊಟ್ಟಾಗ ಇದ್ದಂತೆಯೇ ಇರಬೇಕು. ಒಂದು ಬದಲಾದರೂ ಬ್ರೌಸರ್ ಅದನ್ನು ಬೇರೊಂದು ಕುಕೀ ಎಂದು ತಿಳಿಯುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಲಾಗೌಟ್ ಒತ್ತಿದರೂ ಹೊರಹೋಗದ ಸೈಟ್‌ಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನು.

ಕುಕೀ ಅಳಿಸಿದ ಮಾತ್ರಕ್ಕೆ ಲಾಗೌಟ್ ಪೂರ್ತಿಯಾಗದು. ಸಂಖ್ಯೆಯನ್ನು ಯಾರಾದರೂ ನಕಲು ಮಾಡಿಕೊಂಡಿದ್ದರೆ ಅದಿನ್ನೂ ನಡೆಯುತ್ತದೆ. ಸರ್ವರ್‌ನ ಗೂಡನ್ನೂ ಖಾಲಿ ಮಾಡಬೇಕು, ಅದೂ ಮೊದಲು.

ಕುಕೀ ಕೊಟ್ಟರೂ ಬರದಿದ್ದರೆ

ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ. ಲಾಗಿನ್ ರಿಕ್ವೆಸ್ಟ್ ಆರಿಸಿ ರೆಸ್ಪಾನ್ಸ್ ಹೆಡರ್‌ಗಳಲ್ಲಿ ಸೆಟ್-ಕುಕೀ ಇದೆಯೇ ನೋಡಿ. ಸಾಲು ಇದ್ದು ಬ್ರೌಸರ್ ತಿರಸ್ಕರಿಸಿದ್ದರೆ ಕ್ರೋಮ್ ಪಕ್ಕದಲ್ಲಿ ಎಚ್ಚರಿಕೆಯ ತ್ರಿಕೋನ ತೋರಿಸುತ್ತದೆ, ಅದರ ಮೇಲೆ ಮೌಸ್ ಇಟ್ಟರೆ ಕಾರಣವೂ ಕಾಣುತ್ತದೆ.

ಸಾಲೇ ಇಲ್ಲದಿದ್ದರೆ ತೊಂದರೆ ಸರ್ವರ್ ಬದಿಯದು. ಎಕ್ಸ್‌ಪ್ರೆಸ್‌ನ ಮುಂದೆ ಎನ್‌ಜಿನ್‌ಎಕ್ಸ್ ನಿಲ್ಲಿಸಿದಾಗ ಇದು ಸಾಮಾನ್ಯ. ಎಚ್‌ಟಿಟಿಪಿಎಸ್ ಎನ್‌ಜಿನ್‌ಎಕ್ಸ್‌ನಲ್ಲೇ ಮುಗಿದು ಒಳಗೆ ಬರೀ ಎಚ್‌ಟಿಟಿಪಿ ಬರುತ್ತದೆ. ಸಂಪರ್ಕ ಭದ್ರವಿಲ್ಲವೆಂದು ತಿಳಿದ ಸೆಷನ್ ಕೋಡ್ ಸೆಕ್ಯೂರ್ ಕುಕೀ ಕೊಡುವುದನ್ನೇ ನಿಲ್ಲಿಸುತ್ತದೆ. ಎನ್‌ಜಿನ್‌ಎಕ್ಸ್ ಮೂಲ ಸಂಪರ್ಕದ ಬಗೆಯನ್ನು ಹೆಡರ್‌ನಲ್ಲಿ ತಿಳಿಸಬೇಕು, ಎಕ್ಸ್‌ಪ್ರೆಸ್‌ನಲ್ಲಿ 'ಟ್ರಸ್ಟ್ ಪ್ರಾಕ್ಸಿ' (ಆ ಹೆಡರ್ ನಂಬು) ಎಂದು ಹೊಂದಿಸಬೇಕು.

ಕುಕೀ ಬರುತ್ತದೆ, ಆದರೆ ಒಮ್ಮೆ ಲಾಗಿನ್ ಇರುತ್ತದೆ ಒಮ್ಮೆ ಇರುವುದಿಲ್ಲ ಎಂದಾದರೆ ಸರ್ವರ್‌ಗಳನ್ನು ಎಣಿಸಿ. ಎರಡಿದ್ದು ಸೆಷನ್ ಕಡತ ಒಂದರಲ್ಲೇ ಇದ್ದರೆ ಅರ್ಧ ರಿಕ್ವೆಸ್ಟ್‌ಗಳು ತಪ್ಪು ಸ್ಟ್ಯಾಂಡ್‌ಗೆ ಹೋಗುತ್ತಿರುತ್ತವೆ. ಸೆಷನ್‌ಗಳನ್ನು ಎರಡೂ ಸರ್ವರ್‌ಗೆ ಕಾಣುವ ರೆಡಿಸ್‌ಗೋ ಡೇಟಾಬೇಸ್‌ಗೋ ಸ್ಥಳಾಂತರಿಸಬೇಕು.

ಒಬ್ಬರು ಲಾಗಿನ್ ಆದರೆ ಇನ್ನೊಬ್ಬರ ಹೆಸರು ಕಾಣಿಸಿದರೆ ಕೈಯಲ್ಲಿರುವ ಕೆಲಸವೆಲ್ಲ ಬಿಟ್ಟು ಕ್ಯಾಶ್ (ಪುಟಗಳ ನಕಲು ಇಟ್ಟುಕೊಂಡು ಮತ್ತೆ ಕೊಡುವ ಸಂಗ್ರಹ) ನೋಡಿ. ಸೆಟ್-ಕುಕೀ ಸಾಲಿರುವ ರೆಸ್ಪಾನ್ಸ್ ನಡುವಿನ ಕ್ಯಾಶ್‌ನಲ್ಲಿ ಉಳಿದು, ಒಬ್ಬರ ಬಿಲ್ಲೆ ಊರಿಗೆಲ್ಲ ಹಂಚಿಕೆಯಾಗುತ್ತಿರಬಹುದು. ಕ್ಯಾಶ್ ತೆರವುಗೊಳಿಸಿ, ಆ ಅವಧಿಯ ಸೆಷನ್‌ಗಳನ್ನೆಲ್ಲ ರದ್ದುಮಾಡಿ, ಲಾಗಿನ್ ಆದವರಿಗೆ ಹೋಗುವ ಪುಟಗಳಿಗೆ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ 'ನೋ-ಸ್ಟೋರ್' ಸೇರಿಸಿದ ಮೇಲಷ್ಟೇ ಸೈಟ್ ಮತ್ತೆ ತೆರೆಯಬೇಕು.